ಸ್ಲೀವಾ, ಬೈಪಾಸಾ, ಮಿನಿ ಬೈಪಾಸಾ: ಕೆಜಿ ಲೆಕ್ಕಕ್ಕಿಂತ ಮೊದಲು ನೋಡಬೇಕಾದ್ದು

ಬೊಜ್ಜಿನ ಆಪರೇಷನ್ ಅಂತ ತೀರ್ಮಾನ ಆದಮೇಲೆ ಮನೆಯಲ್ಲಿ ಶುರುವಾಗುವ ಮೊದಲ ಚರ್ಚೆ, "ಯಾವುದರಲ್ಲಿ ಜಾಸ್ತಿ ತೂಕ ಇಳಿಯುತ್ತೆ?" ಈ ಪ್ರಶ್ನೆಗೆ ಉತ್ತರವೇನೋ ಇದೆ. ಆದರೆ ಆಯ್ಕೆ ಮಾಡಲು ಅದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಫಿನ್ಲೆಂಡಿನ ಸ್ಲೀವ್‌ಪಾಸ್ ಅಧ್ಯಯನದಲ್ಲಿ 240 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸ್ಲೀವ್ (ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆಯುವುದು), ಇನ್ನೊಂದಕ್ಕೆ ಬೈಪಾಸ್ (ಹೊಟ್ಟೆಯಲ್ಲಿ ಚಿಕ್ಕ ಚೀಲ ಮಾಡಿ ಕರುಳಿಗೆ ಜೋಡಿಸುವುದು) ಅಂತ ಹಂಚಿದರು. 10 ವರ್ಷದ ಲೆಕ್ಕ 2022ರಲ್ಲಿ ಬಂತು: ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರದು 43.5%, ಬೈಪಾಸ್‌ನವರದು 50.7% ಇಳಿದಿತ್ತು. ಇದನ್ನು ತಕ್ಕಡಿಗೆ ಹಾಕಿ ನೋಡೋಣ. 165 ಸೆಂ.ಮೀ. ಎತ್ತರ, 120 ಕೆಜಿ ತೂಕ ಇರುವವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 44. ಬಿಎಂಐ 25 ಆಗಬೇಕಾದರೆ ಅವರು 68 ಕೆಜಿಗೆ ಬರಬೇಕು. ಅಂದರೆ ಹೆಚ್ಚುವರಿ ತೂಕ 52 ಕೆಜಿ. ಅದರಲ್ಲಿ ಸ್ಲೀವ್ ಸುಮಾರು 22–23 ಕೆಜಿ ಇಳಿಸಿದರೆ ಬೈಪಾಸ್ ಸುಮಾರು 26 ಕೆಜಿ ಇಳಿಸುತ್ತದೆ. ಹತ್ತು ವರ್ಷ ಕಳೆದ ಮೇಲೆ ಉಳಿಯುವ ವ್ಯತ್ಯಾಸ 4 ಕೆಜಿಯ ಆಸುಪಾಸು. ಅದೇ ಜನರಿಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳ ಉರಿದು ಗಾಯವಾಗಿದ್ದವರು ಸ್ಲೀವ್‌ನಲ್ಲಿ 31%, ಬೈಪಾಸ್‌ನಲ್ಲಿ 7%. ನಾಲ್ಕು ಕೆಜಿಗಿಂತ ಈ ಎರಡನೇ ಅಂಕಿಯೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಹಾಗಾಗಿ ಎಂಡೋಸ್ಕೋಪಿ ಮಾಡಿಸದೆ ಆಪರೇಷನ್ ಹೆಸರು ತೀರ್ಮಾನ ಮಾಡಬೇಡಿ. ಹುಳಿತೇಗು, ರಾತ್ರಿ ಮಲಗಿದಾಗ ಗಂಟಲಿಗೆ ಬರುವ ಉರಿ, ದಿನಾ ಬೆಳಿಗ್ಗೆ ನುಂಗುವ ಗ್ಯಾಸ್ ಮಾತ್ರೆ, ಇವನ್ನೆಲ್ಲ ಡಾಕ್ಟರ ಮುಂದೆ "ಅದೇನು ದೊಡ್ಡದಲ್ಲ ಬಿಡಿ" ಅಂತ ತಳ್ಳಿಹಾಕುವವರೇ ಹೆಚ್ಚು. ಅನ್ನನಾಳದಲ್ಲಿ ತೀವ್ರ ಗಾಯ ಇದ್ದರೆ ಅಥವಾ ಅದರ ಒಳಪದರದಲ್ಲಿ ಬ್ಯಾರೆಟ್ ಅನ್ನುವ ಬದಲಾವಣೆ ಶುರುವಾಗಿದ್ದರೆ ಸ್ಲೀವ್ ಕೈಬಿಟ್ಟು ಬೈಪಾಸ್ ಕಡೆ ಹೋಗುವುದೇ ಸರಿ.

ಕಾರಣ ಸ್ಲೀವ್‌ನ ಆಕಾರದಲ್ಲೇ ಇದೆ. ಬಾಯಿಂದ ಒಂದು ಕೊಳವೆ ಇಳಿಸಿ, ಅದಕ್ಕೆ ಒತ್ತಿಕೊಂಡ ಹಾಗೆ ಹೊಟ್ಟೆಯನ್ನು ಉದ್ದಕ್ಕೆ ಸ್ಟೇಪಲ್ ಮಾಡಿ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಬಳಸುವ 36 ಫ್ರೆಂಚ್ ಅಳತೆಯ ಕೊಳವೆಯ ದಪ್ಪ 12 ಮಿ.ಮೀ. ಹೊಟ್ಟೆಯ ಕೆಳಬಾಯಿಂದ 4–6 ಸೆಂ.ಮೀ. ಬಿಟ್ಟು ಕತ್ತರಿಸಲು ಶುರು ಮಾಡಿ, ಎಡಗಡೆ ಮೇಲಿನ ಮೂಲೆ ತನಕ ಹೋಗುತ್ತಾರೆ. ಹೊಟ್ಟೆಯ ಮುಕ್ಕಾಲು ಭಾಗ ಹೊರಗೆ ಬರುತ್ತದೆ, ಉಳಿಯುವುದು ಬಾಳೆಕಾಯಿ ಆಕಾರದ 100–150 ಮಿ.ಲೀ. ಚೀಲ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಮೇಲಿನ ಭಾಗದಲ್ಲೇ, ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವು ಬಹಳ ಕಡಿಮೆ.

ಆದರೆ ಈ ಕಿರಿದಾದ ಕೊಳವೆಯ ಕೆಳಗೆ ಬಿಗಿಯಾದ ಕೆಳಬಾಯಿ ಹಾಗೇ ಉಳಿದಿರುತ್ತದೆ. ಒಳಗೆ ಒತ್ತಡ ಏರಿದರೆ ಆಮ್ಲಕ್ಕೆ ಮೇಲೆ ಹೋಗುವುದೊಂದೇ ದಾರಿ. ಹೊಟ್ಟೆ ಮೊಣಕೈಯಂತೆ ಬಾಗುವ ಜಾಗದಲ್ಲಿ ಸರ್ಜನ್ ಸ್ವಲ್ಪ ಹೆಚ್ಚು ಬಿಗಿ ಮಾಡಿದರೂ ಅಲ್ಲಿ ಆಹಾರ ಕಟ್ಟಿಕೊಂಡು, ಮೇಲಿನ ಮೂಲೆಯ ಹೊಲಿಗೆ ಮೇಲೆ ಒತ್ತಡ ಬೀಳುತ್ತದೆ. ಸೋರಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲೇ. ಅದು ಮಾಯಲು ವಾರಗಟ್ಟಲೆ ಬೇಕು. ಮನೆಗೆ ಬಂದ ಮೇಲೆ ನಾಡಿ 120 ದಾಟಿದರೆ, ಜ್ವರ ಬಂದರೆ, ಎಡಭುಜದಲ್ಲಿ ನೋವು ಅಥವಾ ಉಸಿರಾಟದಲ್ಲಿ ಕಷ್ಟ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆ ಮೃದುವಾಗಿದ್ದು ನೋವಿಲ್ಲದಿದ್ದರೂ ಏರಿದ ನಾಡಿಯೇ ಮೊದಲ ಸುಳಿವಾಗಿರಬಹುದು.

ಇಲ್ಲಿತನಕ ಬೈಪಾಸ್ ಅಂದದ್ದರ ಪೂರ್ತಿ ಹೆಸರು ರೂ-ಎನ್-ವೈ ಬೈಪಾಸ್. ಇದರಲ್ಲಿ ಹೊಟ್ಟೆಯನ್ನು ತೆಗೆದು ಹಾಕುವುದಿಲ್ಲ. ಮೇಲ್ಗಡೆ 30 ಮಿ.ಲೀ. ಆಸುಪಾಸಿನ ಚಿಕ್ಕ ಚೀಲ ಮಾಡಿ, ಉಳಿದದ್ದನ್ನು ಒಳಗೇ ಬೇರೆ ಮಾಡಿ ಬಿಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಆ ಚೀಲಕ್ಕೆ ಜೋಡಿಸುತ್ತಾರೆ. ಪಿತ್ತರಸ ತರುವ ಇನ್ನೊಂದು ತುದಿಯನ್ನು 100–150 ಸೆಂ.ಮೀ. ಕೆಳಗೆ ಸೇರಿಸುತ್ತಾರೆ. ಚೀಲದಲ್ಲಿ ಆಮ್ಲ ಕಡಿಮೆ, ಪಿತ್ತ ದೂರ. ಹಾಗಾಗಿ ಎದೆಯುರಿ ಇರುವವರಿಗೆ ಇದು ಚಿಕಿತ್ಸೆಯೇ ಆಗಿಬಿಡುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಬೇರೆ ರೀತಿಯದು. ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಅದಕ್ಕೆ ಮುಖ್ಯ ಕಾರಣಗಳು ಸಿಗರೇಟು ಮತ್ತು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳಿಂದ ಜೀವನಪೂರ್ತಿ ದೂರ ಇರಬೇಕು. ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವು, ಏನಾದ್ರೂ ಕೊಡಿ" ಅಂದರೆ ಕೊಡುವ ಪಟ್ಟಿಯಲ್ಲಿ ಬಹಳ ಸಲ ಪ್ಯಾರಸಿಟಮಾಲ್ ಜೊತೆ ಇವುಗಳಲ್ಲೊಂದು ಸೇರಿರುತ್ತದೆ. ಬರೀ ಪ್ಯಾರಸಿಟಮಾಲ್ ಕೇಳಿ ತಗೊಳ್ಳಿ. ಸಂಧಿವಾತಕ್ಕೆ ದಿನಾ ನೋವಿನ ಮಾತ್ರೆ ಇಲ್ಲದೆ ನಡೆಯದವರಿಗೆ, ಸಿಗರೇಟು ಬಿಡಲಾಗದವರಿಗೆ ಬೈಪಾಸ್ ಒಳ್ಳೆಯದಲ್ಲ.

ಎರಡನೆಯದು ಒಳಗಿನ ಹರ್ನಿಯಾ. ಕರುಳನ್ನು ಬೇರೆ ದಾರಿಗೆ ತಿರುಗಿಸಿದಾಗ ಅದರ ಪೊರೆಯಲ್ಲಿ ಕಿಂಡಿಗಳು ಉಳಿಯುತ್ತವೆ. ತೂಕ ಇಳಿದಂತೆ ಪೊರೆಯ ಕೊಬ್ಬು ಕರಗಿ ಕಿಂಡಿ ಅಗಲವಾಗುತ್ತದೆ, ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ವರ್ಷಗಳಾದ ಮೇಲೂ ಇದು ಆಗಬಹುದು. ಊಟವಾದ ಮೇಲೆ ಹಿಂಡಿದಂಥ ನೋವು ಬಂದುಹೋಗುತ್ತಿದ್ದರೆ ಗ್ಯಾಸ್ ಅಂತ ಸುಮ್ಮನಾಗುವ ಹಾಗಿಲ್ಲ. ಸ್ಕ್ಯಾನ್ ಸರಿಯಾಗಿದೆ ಅಂದಮಾತ್ರಕ್ಕೂ ನಿಶ್ಚಿಂತೆ ಇಲ್ಲ, ಬೈಪಾಸ್ ಗೊತ್ತಿರುವ ಸರ್ಜನ್ ನೋಡಲೇಬೇಕು. ಮೊದಲೇ ಕೇಳಬೇಕಾದ ಪ್ರಶ್ನೆ: "ಕಿಂಡಿಗಳನ್ನು ಕರಗದ ದಾರದಲ್ಲಿ ಹೊಲಿಯುತ್ತೀರಾ?"

ಸಿಹಿ ತಿಂದರೆ ಆಗುವ ಡಂಪಿಂಗ್ ಎಲ್ಲರಿಗೂ ಗೊತ್ತು: ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ. ಮೈಸೂರು ಪಾಕು ಒಂದೇ ತುಂಡು ಸಾಕು ಪಾಠ ಕಲಿಸಲು. ಇದನ್ನು ಕೆಲವರು ಲಾಭ ಅಂತಲೇ ಲೆಕ್ಕ ಹಾಕುತ್ತಾರೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಒಳಗೆ ಬಿಟ್ಟ ಹೊಟ್ಟೆಯನ್ನು ಮುಂದೆ ಮಾಮೂಲಿ ಎಂಡೋಸ್ಕೋಪಿಯಲ್ಲಿ ನೋಡಲು ಆಗುವುದಿಲ್ಲ. ಮನೆತನದಲ್ಲಿ ಹೊಟ್ಟೆ ಕ್ಯಾನ್ಸರ್ ಇದ್ದರೆ ಇದನ್ನು ಬಾಯಿಬಿಟ್ಟು ಹೇಳಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ತೆಗೆಯುವುದೂ ಕಷ್ಟದ ಕೆಲಸವಾಗುತ್ತದೆ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಹೆಚ್ಚು, ಅದಕ್ಕೇ ಆಪರೇಷನ್ ನಂತರ ಆರು ತಿಂಗಳು ಅರ್ಸೋಡಿಯಾಲ್ ಬರೆದುಕೊಡುವುದು.

ನಮ್ಮ ದೇಶದಲ್ಲಿ ಬಹಳ ನಡೆಯುವ ಮಿನಿ ಬೈಪಾಸ್‌ನ ಹೆಸರಷ್ಟೇ ಮಿನಿ. 1997ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ರಟ್ಲೆಜ್ ಶುರು ಮಾಡಿದ ಈ ವಿಧಾನದಲ್ಲಿ ಎರಡರ ಬದಲು ಒಂದೇ ಜೋಡಣೆ, ಸಮಯ ಕಡಿಮೆ, ಶುಗರ್ ಮೇಲೆ ಪರಿಣಾಮವೂ ಚೆನ್ನಾಗಿದೆ. ಆದರೆ ಪಿತ್ತರಸ ನೇರವಾಗಿ ಆ ಜೋಡಣೆಯ ಪಕ್ಕದಲ್ಲೇ ಹರಿಯುತ್ತದೆ, ಕೆಲವರಿಗೆ ಅದು ಮೇಲೆ ಬರುತ್ತದೆ. ಆಹಾರ ಹಾದುಹೋಗದ ಹಾಗೆ ಬಿಟ್ಟುಬಿಡುವ ಕರುಳಿನ ಉದ್ದವೂ ಜಾಸ್ತಿ. ಫ್ರಾನ್ಸಿನ ಯೋಮೆಗಾ ಅಧ್ಯಯನದಲ್ಲಿ (2019) 200 ಸೆಂ.ಮೀ. ಕರುಳು ಬಿಟ್ಟಿದ್ದರು. ತೂಕ ಇಳಿಯುವುದರಲ್ಲಿ ರೂ-ಎನ್-ವೈಗೆ ಕಡಿಮೆ ಬೀಳಲಿಲ್ಲ, ಆದರೆ ಭೇದಿ ಮತ್ತು ಪೌಷ್ಟಿಕಾಂಶದ ತೊಂದರೆಗಳು ಹೆಚ್ಚಾದವು. ಸಣ್ಣ ಕರುಳು ಒಬ್ಬರಲ್ಲಿ 4 ಮೀಟರ್ ಇದ್ದರೆ ಇನ್ನೊಬ್ಬರಲ್ಲಿ 8 ಮೀಟರ್ ಇರಬಹುದು. ನಾಲ್ಕು ಮೀಟರಿನವರಿಗೆ 200 ಸೆಂ.ಮೀ. ಅಂದರೆ ಅರ್ಧಕ್ಕೆ ಅರ್ಧ. "ಒಟ್ಟು ಕರುಳು ಅಳೆಯುತ್ತೀರಾ, ಎಷ್ಟು ಬಿಡುತ್ತೀರಾ?" ಅಂತ ಕೇಳಿದಾಗ ಸೆಂಟಿಮೀಟರಿನಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೇಳಿ.

ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಮಿನಿ ಬೈಪಾಸ್‌ಗೆ ಒಪ್ಪುವ ಮೊದಲು ಪ್ರೋಟೀನ್ ಲೆಕ್ಕ ಹಾಕಲೇಬೇಕು. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಬೇಕು, ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಅರ್ಧ ಬಟ್ಟಲು. 50 ಗ್ರಾಂ ಪನೀರಿನಿಂದ 9 ಗ್ರಾಂ, ಹಾಲು ಮೊಸರು ಸೇರಿ 400 ಮಿ.ಲೀ.ಯಿಂದ 13, ಒಣಗಿದ ಸೋಯಾ ಚಂಕ್ಸ್ 25 ಗ್ರಾಂನಿಂದ 13, ಗಟ್ಟಿ ಬೇಳೆ ಅರ್ಧ ಬಟ್ಟಲಿನಿಂದ 5. ಇಷ್ಟೆಲ್ಲ ತಿಂದರೂ 40. ಉಳಿದ 20 ಗ್ರಾಂಗೆ ಪ್ರೋಟೀನ್ ಪುಡಿಯೇ ಗತಿ. ಸಾರಿನ ತಿಳಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮುದ್ದೆಯ ವಿಷಯ ಇನ್ನೊಂದು: ನಾವು ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಯಾವ ಆಪರೇಷನ್ ಆದರೂ ಮೊದಲ ತಿಂಗಳುಗಳಲ್ಲಿ ನುಂಗಿದ ಮುದ್ದೆ ಎದೆಯಲ್ಲೇ ನಿಲ್ಲುತ್ತದೆ. ಅಷ್ಟು ದಿನ ರಾಗಿ ಬೇಕೆಂದರೆ ಅಂಬಲಿ ಮಾಡಿಕೊಳ್ಳಿ.

ಶುಗರ್ ಇರುವವರ ಆಯ್ಕೆ ಬೇರೆ ದಾರಿಯದು. ಕ್ಲೀವ್‌ಲೆಂಡ್ ಕ್ಲಿನಿಕ್‌ನವರು ನಾಲ್ಕು ವಿಷಯ ಸೇರಿಸಿ ಅಂಕ ಕೊಡುತ್ತಾರೆ: ಶುಗರ್ ಬಂದು ಎಷ್ಟು ವರ್ಷ, ಎಷ್ಟು ಬಗೆ ಮಾತ್ರೆ, ಇನ್ಸುಲಿನ್ ಇದೆಯೋ ಇಲ್ಲವೋ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ) 7ರ ಒಳಗಿದೆಯೋ ಇಲ್ಲವೋ. ಮಧ್ಯಮ ಹಂತದವರಲ್ಲಿ ಬೈಪಾಸ್ ಸ್ಪಷ್ಟವಾಗಿ ಮುಂದೆ. ಹತ್ತಾರು ವರ್ಷದ ಶುಗರ್, ಜೊತೆಗೆ ಇನ್ಸುಲಿನ್ ಇದ್ದವರಲ್ಲಿ ಎರಡರಿಂದಲೂ ಶುಗರ್ ಪೂರ್ತಿ ಹೋಗುವ ಸಾಧ್ಯತೆ ಕಡಿಮೆಯೇ, ಆದ್ದರಿಂದ ಅಪಾಯ ಕಡಿಮೆ ಇರುವ ಸ್ಲೀವ್ ಸಾಕು ಅನ್ನುವುದು ಅವರ ವಾದ.

ಹೊಟ್ಟೆಯ ಮೇಲ್ಭಾಗಕ್ಕೆ ಸುತ್ತಿ ಬಿಗಿಯುವ ಗ್ಯಾಸ್ಟ್ರಿಕ್ ಬ್ಯಾಂಡ್ ಅನ್ನು ಯಾರಾದರೂ ಸೂಚಿಸಿದರೆ ಬೇಡ ಅನ್ನಿ. ಜಾರುತ್ತದೆ, ಹೊಟ್ಟೆಯ ಗೋಡೆ ಕೊರೆದುಕೊಂಡು ಒಳಗೆ ಹೋಗುತ್ತದೆ, ಹಾಕಿಸಿಕೊಂಡ ಎಷ್ಟೋ ಜನ ತೆಗೆಸಿದ್ದಾರೆ. ಹೊಟ್ಟೆಯೊಳಗೆ ಇಡುವ ಬಲೂನು ಆರು ತಿಂಗಳೋ ಒಂದು ವರ್ಷವೋ ಇದ್ದು ಹೋಗುತ್ತದೆ, ತೂಕ ವಾಪಸ್ ಬರುತ್ತದೆ. ಡ್ಯುಯೋಡಿನಲ್ ಸ್ವಿಚ್ ಅನ್ನುವ ಇನ್ನೊಂದು ಆಪರೇಷನ್ ಎಲ್ಲಕ್ಕಿಂತ ಹೆಚ್ಚು ತೂಕ ಇಳಿಸುತ್ತದೆ, ಕೊರತೆಯನ್ನೂ ಎಲ್ಲಕ್ಕಿಂತ ಹೆಚ್ಚು ತರುತ್ತದೆ. ಬಿಎಂಐ 50 ದಾಟಿದವರ ಮಾತು ಅದು.

ಯಾವುದನ್ನೇ ಆರಿಸಿದರೂ ವಿಟಮಿನ್ ಜೀವನಪೂರ್ತಿ, ಬೈಪಾಸ್‌ನಲ್ಲಿ ಇನ್ನೂ ಕಟ್ಟುನಿಟ್ಟು. ಬಿ12, ಕಬ್ಬಿಣ, ವಿಟಮಿನ್ ಡಿ, ದಿನಕ್ಕೆ 1200–1500 ಮಿ.ಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಿರಲಿ, ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಬಿಡಿ, ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ. ಹೆಣ್ಣುಮಕ್ಕಳು 12–18 ತಿಂಗಳು ಗರ್ಭ ಮುಂದೂಡಬೇಕು. ಬೈಪಾಸ್ ಆದವರು ಆಮೇಲೆ ಗರ್ಭಿಣಿಯಾದಾಗ ಗ್ಲೂಕೋಸ್ ಕುಡಿಸುವ ಶುಗರ್ ಟೆಸ್ಟ್ ಬೇಡ ಅಂತ ಲ್ಯಾಬಿನವರಿಗೆ ಹೇಳಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಅಂತರ ಇದೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ನಮ್ಮಂಥ ಏಷ್ಯಾದವರಿಗೆ ಬಿಎಂಐ 27.5ರ ಮೇಲೆಯೇ ಆಪರೇಷನ್ ಸೂಚಿಸಬಹುದು ಅನ್ನುತ್ತದೆ. ಆದರೆ ವಿಮೆ ನಿಯಂತ್ರಿಸುವ ಐಆರ್‌ಡಿಎಐ ನಿಯಮದ ಪ್ರಕಾರ ಪಾಲಿಸಿ ಹಣ ಕೊಡಬೇಕಾದರೆ ಬಿಎಂಐ 40 ಇರಬೇಕು. 35 ಆದರೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಅಥವಾ ಹತೋಟಿಗೆ ಬಾರದ ಶುಗರ್ ಜೊತೆಗಿರಬೇಕು. ಆಪರೇಷನ್‌ಗೆ ಮೊದಲು ಲಿವರ್ ಕುಗ್ಗಿಸಲು ಮಾಡಿಸುವ ಎರಡು ವಾರದ ಪಥ್ಯದಲ್ಲೇ ಬಿಎಂಐ ಒಂದೆರಡು ಅಂಕ ಇಳಿಯಬಹುದು. ಹಾಗಾಗಿ ಎತ್ತರ, ತೂಕದ ದಾಖಲೆಯನ್ನು ಪಥ್ಯ ಶುರುವಾಗುವ ಮೊದಲೇ ಆಸ್ಪತ್ರೆಯ ಚೀಟಿಯಲ್ಲಿ ಬರೆಸಿ.

ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಷನ್ನಿನ ಪೂರ್ತಿ ಹೆಸರು, ಕೊಳವೆಯ ಅಳತೆ, ಕರುಳಿನ ಉದ್ದ, ಕಿಂಡಿ ಹೊಲಿದಿದ್ದಾರೋ ಇಲ್ಲವೋ ಅನ್ನುವುದು ಬರೆದಿದೆಯೇ ನೋಡಿ, ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಕೆಳಗೆ ಕೈಬರಹದಲ್ಲಿ ಒಂದು ಸಾಲು ಬರೆಸಿಕೊಳ್ಳಿ: "ವಾಂತಿ ಆಗುತ್ತಿದ್ದರೆ ಗ್ಲೂಕೋಸ್ ಡ್ರಿಪ್‌ಗಿಂತ ಮೊದಲು ಥಯಮಿನ್ ಇಂಜೆಕ್ಷನ್." ಥಯಮಿನ್ ಅಂದರೆ ಬಿ1. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ವಾಂತಿ ನಿಲ್ಲದೆ ಸುಸ್ತಾದವರನ್ನು ಪಕ್ಕದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಏರಿಸುವುದು ನಮ್ಮಲ್ಲಿ ರೂಢಿ. ಆಗ ಉಳಿದಿದ್ದ ಸ್ವಲ್ಪ ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟಾಗಬಹುದು: ಒಂದು ವಸ್ತು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಮನಸ್ಸು ಗೊಂದಲಕ್ಕೆ ಬೀಳುತ್ತದೆ. ರಾತ್ರಿ ಹೊತ್ತು ಕ್ಲಿನಿಕ್ಕಿನಲ್ಲಿರುವವರಿಗೆ ಸ್ಲೀವ್, ಬೈಪಾಸ್ ಅನ್ನುವ ಹೆಸರು ಗೊತ್ತಿಲ್ಲದೆ ಇರಬಹುದು. ಆ ಸಾಲನ್ನಂತೂ ಓದುತ್ತಾರೆ.