ಅರ್ಧ ಫ್ರೇಮಿನಲ್ಲಿ ಕಾಣೆಯಾದ ಅಜ್ಜ

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಮದುವೆ ಆಲ್ಬಂ, ಎಲ್ಲ ಡಿಜಿಟಲ್. ಸಕಲೇಶಪುರದ ಕಡೆಯ ಅಜ್ಜ ಅಜ್ಜಿ ಬಂದರು. ಮದುವೆಯಾಗಿ 50 ವರ್ಷವಂತೆ. "ಗೋಡೆ ಮೇಲಿರೋ ಹಳೇ ಫೋಟೋ ಥರಾನೇ ಬೇಕಪ್ಪ, ಕಪ್ಪು ಬಿಳುಪಲ್ಲಿ" ಅಂದರು ಅಜ್ಜಿ. ಬೀರುವಿನಲ್ಲಿದ್ದ ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000 ತೆಗೆದು ಇಲ್ಫೋರ್ಡ್ ಎಚ್‌ಪಿ5 ಕಪ್ಪು ಬಿಳುಪು ರೋಲ್ ಹಾಕಿದೆ.

ಒಂದು ಸ್ಟ್ರೋಬ್ (ಸ್ಟುಡಿಯೋ ಫ್ಲ್ಯಾಶ್ ಲೈಟು), ಅದಕ್ಕೆ ಬೆಳಕು ಮೆತ್ತಗಾಗಿಸುವ ಸಾಫ್ಟ್‌ಬಾಕ್ಸ್, ಎದುರಿಗೆ ಬಿಳಿ ಥರ್ಮಾಕೋಲ್. ಮೊದಲು ಡಿಜಿಟಲ್‌ನಲ್ಲಿ ಟೆಸ್ಟ್ ಹೊಡೆದೆ: ಐಎಸ್ಓ (ಬೆಳಕಿಗೆ ಸೂಕ್ಷ್ಮತೆ) 400, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ತೂತು) ಎಫ್8, ಶಟರ್ 1/125 ಸೆಕೆಂಡ್. ಚೆನ್ನಾಗಿ ಬಂತು. ಅದೇ ಲೆಕ್ಕ ಪೆಂಟ್ಯಾಕ್ಸ್‌ಗೂ ಇಟ್ಟು, ಕ್ಲಿಕ್ ಮಾಡಿದಾಗ ಲೈಟು ಮಿಂಚಿಸುವ ಸಿಂಕ್ ವೈರ್ ಸಿಕ್ಕಿಸಿ 20 ಫ್ರೇಮ್ ಹೊಡೆದೆ. ಪ್ರತಿ ಸಲ ಲೈಟು ಮಿಂಚಿತು. "ಎಲ್ಲಿ, ತೋರ್ಸು" ಅಂತ ಅಜ್ಜಿ ಕ್ಯಾಮೆರಾದ ಹಿಂದೆ ಬಗ್ಗಿ ನೋಡಿದರು. ಅಲ್ಲೇನಿದೆ, ಬರೀ ಕಪ್ಪು ಮುಚ್ಚಳ!

ರಾತ್ರಿ ರೋಲ್ ತೊಳೆದು ಬಚ್ಚಲುಮನೆಯಲ್ಲಿ ನೇತುಹಾಕಿದೆ. ಪ್ರತಿ ಫ್ರೇಮಿನಲ್ಲೂ ಅಜ್ಜಿ ಇದ್ದಾರೆ. ಅಜ್ಜ ಕೂತಿದ್ದ ಕಡೆ ನೆಗೆಟಿವ್ ಗಾಜಿನ ಹಾಗೆ ಬೋಳು.

ಕೆ1000ದ ಶಟರ್ ಎಂದರೆ ಅಡ್ಡಕ್ಕೆ ಓಡುವ ಎರಡು ಬಟ್ಟೆ ಪರದೆ. ಇಡೀ ಫ್ರೇಮ್ ಒಟ್ಟಿಗೆ ತೆರೆದಿರುವುದು 1/60 ಅಥವಾ ಅದಕ್ಕಿಂತ ನಿಧಾನದಲ್ಲಿ ಮಾತ್ರ. 1/125ರಲ್ಲಿ ಮೊದಲ ಪರದೆ ದಡ ಮುಟ್ಟುವ ಮೊದಲೇ ಎರಡನೆಯದು ಹೊರಟುಬಿಟ್ಟಿರುತ್ತದೆ. ಸ್ಟ್ರೋಬ್ ಮಿಂಚುವುದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ, ಪರದೆ ಮುಚ್ಚಿದ ಕಡೆ ಬೆಳಕು ಬೀಳುವುದೇ ಇಲ್ಲ. ನನ್ನ ಡಿಜಿಟಲ್ ಕ್ಯಾಮೆರಾದ ಶಟರ್ 1/125ಕ್ಕೂ ಪೂರ್ತಿ ತೆರೆಯುತ್ತದೆ, ಅದಕ್ಕೇ ಟೆಸ್ಟ್‌ನಲ್ಲಿ ಗೊತ್ತಾಗಲಿಲ್ಲ. ಶಟರ್ ನಿಧಾನ ಮಾಡಿದರೆ ಫೋಟೋ ಜಾಸ್ತಿ ಬೆಳಗುತ್ತದಾ? ಸ್ಟುಡಿಯೋ ಕತ್ತಲಿದ್ದರೆ ಇಲ್ಲ. ಸ್ಟ್ರೋಬ್ ಬೆಳಕಿನ ಲೆಕ್ಕವೆಲ್ಲ ಅಪರ್ಚರ್‌ದು. ಕ್ಯಾಮೆರಾ ಒಳಗಿನ ಬೆಳಕು ಅಳೆಯುವ ಮುಳ್ಳನ್ನೂ ನಂಬಬಾರದು, ಅದು ಸ್ಟ್ರೋಬ್‌ನಲ್ಲಿ ಸದಾ ಉರಿಯುವ ಸಣ್ಣ ದೀಪವನ್ನಷ್ಟೇ (ಮಾಡೆಲಿಂಗ್ ಲ್ಯಾಂಪ್) ನೋಡುತ್ತದೆ.

ಈಗ ರೋಲ್ ಹಾಕುವ ಮುಂಚೆ ಹಿಂದಿನ ಬಾಗಿಲು ತೆರೆದು, ಬಿಳಿ ಗೋಡೆಗೆ ಗುರಿಯಿಟ್ಟು ಸ್ಟ್ರೋಬ್ ಸಮೇತ ಒಮ್ಮೆ ಕ್ಲಿಕ್ ಮಾಡುತ್ತೇನೆ. ಫಿಲ್ಮ್ ಕೂರುವ ಕಿಟಕಿ ಪೂರ್ತಿ ಬೆಳಗಿದರೆ ಸರಿ. ಶಟರ್ ಡಯಲ್ ಅಲುಗದಂತೆ 60ರ ಮೇಲೆ ಟೇಪ್ ಅಂಟಿಸಿದ್ದೇನೆ, ನೋಡಲು ಅಸಹ್ಯ.

ಫೋನ್ ಮಾಡಿ ವಿಷಯ ಹೇಳಿದಾಗ ಅಜ್ಜಿ ನಕ್ಕರು. "ಇವ್ರನ್ನ ಕತ್ತಲಲ್ಲಿ ಕೂರಿಸಿಬಿಟ್ಟೆಯಲ್ಲ ಮಗಾ!" ಕಾಫಿ ಕೊಯ್ಲು ಮುಗಿಸಿ ಮತ್ತೆ ಬಂದರು. ಅಜ್ಜ ಈ ಸಲ ಜಾಗ ಬದಲಾಯಿಸಿ, ಅಜ್ಜಿಯ ಆ ಕಡೆ ಹೋಗಿ ಕೂತರು.