ಕಿಲುಬು ಬಣ್ಣದ ಬ್ಯಾಕ್ಟೀರಿಯಾ: ಪ್ರಾಜೆಕ್ಟ್ ಡೈರಿ, ಮೂರನೇ ವಾರ

ಹೋದ ವಾರ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಹಸಿರು ಕಂಡಿತು ಎಂದು ಬರೆದು ನಿಲ್ಲಿಸಿದ್ದೆ. ಈ ವಾರ ಅದಕ್ಕೆ ಹೆಸರು ಸಿಕ್ಕಿದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿಂದಿನ ಕಥೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ತಿಂಗಳಾದರೂ ಮಾಯಲಿಲ್ಲ. ಒಂದು ದಿನ ಬಿಚ್ಚಿದ ಬ್ಯಾಂಡೇಜಿನ ಮೇಲೆ ನೀಲಿ-ಹಸಿರು ಕಲೆ. "ಹಂಡೆಗೆ ಕಿಲುಬು ಹಿಡಿದ ಹಾಗಿದೆಯಲ್ಲೋ" ಎಂದರು ಅಜ್ಜಿ. ಡಾಕ್ಟರು ಔಷಧಿ ಕೊಟ್ಟರು, ಗಾಯ ಈಗ ಮಾಗಿದೆ. ಆದರೆ ಅಜ್ಜಿ ಕಾಲು ತೊಳೆಯುವ ಬಚ್ಚಲಿನ ನಲ್ಲಿಯಲ್ಲೂ ಇದು ಇರಬಹುದಾ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ನಲ್ಲಿಯ ಬಾಯೊಳಗಿನ ಲೋಳೆಯನ್ನು ಸ್ವಾಬ್‌ನಲ್ಲಿ ತೆಗೆದು ಕಾಲೇಜಿನ ಲ್ಯಾಬಿಗೆ ಒಯ್ದೆ.

ಅನುಮಾನ ಇದ್ದದ್ದು ಸ್ಯೂಡೊಮೊನಾಸ್ ಏರುಜಿನೋಸಾ ಮೇಲೆ. ಆ ಎರಡನೇ ಪದ ಬಂದದ್ದೇ ತಾಮ್ರದ ಕಿಲುಬಿಗೆ ಇರುವ ಲ್ಯಾಟಿನ್ ಪದದಿಂದ. ಅಜ್ಜಿಯ ಕಣ್ಣು ಎಷ್ಟು ಚುರುಕು ನೋಡಿ! 1882ರಲ್ಲಿ ಫ್ರಾನ್ಸಿನ ಜೆಸಾರ್ ಇದನ್ನು ಮೊದಲ ಸಲ ಬೇರ್ಪಡಿಸಿದ್ದೂ ಬ್ಯಾಂಡೇಜುಗಳ ನೀಲಿ-ಹಸಿರು ಬಣ್ಣದ ಬೆನ್ನು ಹತ್ತಿಯೇ.

ಹಾಗಂತ ಬಣ್ಣ ನೋಡಿ ಹೆಸರು ಇಡುವಂತಿಲ್ಲ. ಇದರ ದಾಯಾದಿ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಕೂಡ ಹಳದಿ-ಹಸಿರು ಬಣ್ಣ ಬಿಡುತ್ತದೆ.

ಸೋಮವಾರ. ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಬಣ್ಣ ಹಾಕಿದೆ. ಗುಲಾಬಿ ಕಡ್ಡಿಗಳು, ಅಂದರೆ ಗ್ರಾಂ ನೆಗೆಟಿವ್. ಸಕ್ಕರೆ ಹುಳಿಸುತ್ತದಾ ಎಂದು ನೋಡುವ ಟಿಎಸ್‌ಐ ಟ್ಯೂಬ್ ಮೇಲೂ ಕೆಂಪು, ಕೆಳಗೂ ಕೆಂಪು. ಸಕ್ಕರೆ ಹುಳಿಸಿಲ್ಲ, ಗ್ಯಾಸೂ ಇಲ್ಲ. ಸಿಟ್ರೇಟ್ ಟ್ಯೂಬ್ ನೀಲಿಯಾಯಿತು, ಅಂದರೆ ಇದು ಸಿಟ್ರೇಟ್ ತಿಂದು ಬದುಕಬಲ್ಲದು.

ಮಂಗಳವಾರ. ಆಕ್ಸಿಡೇಸ್ ಎಂಬ ಕಿಣ್ವ ಇದೆಯಾ ಎಂದು ನೋಡುವ ಪರೀಕ್ಷೆಯಲ್ಲಿ ಎಡವಿದೆ. ಕಿಣ್ವ ಇದ್ದರೆ ಕಾಗದ ನೇರಳೆಯಾಗುತ್ತದೆ. ಕಾಗದ ತಕ್ಷಣ ನೇರಳೆಯಾಯಿತು, ಖುಷಿಯಾಯಿತು. ಆದರೆ ಪಕ್ಕದಲ್ಲಿ ಹೋಲಿಕೆಗೆಂದು ಹಚ್ಚಿದ್ದ ಇ. ಕೋಲೈ ಬ್ಯಾಕ್ಟೀರಿಯಾ ಕೂಡ ನೇರಳೆ! ಅದರಲ್ಲಿ ಈ ಕಿಣ್ವ ಇಲ್ಲ, ಹಾಗಾಗಬಾರದು. ತಪ್ಪು ನನ್ನ ಲೂಪ್‌ನದು, ಅಂದರೆ ಬ್ಯಾಕ್ಟೀರಿಯಾ ಎತ್ತುವ ತಂತಿಯದು. ನಿಕ್ರೋಮ್ ತಂತಿಯೇ ಆ ರಾಸಾಯನಿಕವನ್ನು ನೇರಳೆ ಮಾಡಿಬಿಡುತ್ತದೆ. ಮರದ ಟೂತ್‌ಪಿಕ್‌ನಿಂದ ಮತ್ತೆ ಮಾಡಿದೆ. ಇ. ಕೋಲೈ ಸುಮ್ನೆ ಇತ್ತು, ನಮ್ಮದು ಹತ್ತು ಸೆಕೆಂಡಿನೊಳಗೆ ನೇರಳೆಯಾಯಿತು. ಹೀಗೆ ಹೋಲಿಕೆಗೆ ಕಂಟ್ರೋಲ್ ಇಡದೆ ಯಾವ ಪರೀಕ್ಷೆಯನ್ನೂ ಮಾಡಬೇಡಿ, ದಯವಿಟ್ಟು.

ಬುಧವಾರ. ಒಂದು ಪ್ಲೇಟ್ 42 ಡಿಗ್ರಿಯಲ್ಲಿ ಇಟ್ಟಿದ್ದೆ. ಚೆನ್ನಾಗಿ ಬೆಳೆದಿದೆ. ಅಷ್ಟು ಬಿಸಿಯಲ್ಲಿ ಫ್ಲೋರೆಸೆನ್ಸ್ ಬೆಳೆಯುವುದಿಲ್ಲ. ಮುಚ್ಚಳ ಸ್ವಲ್ಪ ಎತ್ತಿದರೆ ಸಾಕು, ಮಾಗಿದ ದ್ರಾಕ್ಷಿಯ ಸಿಹಿ ವಾಸನೆ. ಬೇಕಂತಲೇ ಮೂಸಬಾರದು, ಆದರೆ ಅದಾಗಿಯೇ ಮೂಗಿಗೆ ಬರುತ್ತದೆ.

ಗುರುವಾರ. ನನಗೆ ತುಂಬಾ ಇಷ್ಟವಾದ ದಿನ. ಪಯೋಸಯನಿನ್ ಎಂಬ ನೀಲಿ ಬಣ್ಣ ಏರುಜಿನೋಸಾದ ಸ್ವಂತ ಸೊತ್ತು, ದಾಯಾದಿಗಳಲ್ಲಿ ಇಲ್ಲ. ಬ್ಯಾಕ್ಟೀರಿಯಾ ಬೆಳೆದ ಐದು ಮಿಲಿ ಹಸಿರು ದ್ರವಕ್ಕೆ ಮೂರು ಮಿಲಿ ಕ್ಲೋರೋಫಾರಂ ಸೇರಿಸಿ ಕುಲುಕಿ ನಿಲ್ಲಿಸಿದೆ. ನಿಧಾನವಾಗಿ ಎರಡು ಪದರ ಆಯಿತು. ಮೇಲಿನದು ಮಂಕು ಹಳದಿ. ತಳದ ಕ್ಲೋರೋಫಾರಂ ಬಟ್ಟೆಗೆ ಹಾಕುವ ನೀಲಿಯ ಹಾಗೆ ಹೊಳೆಯುತ್ತಿತ್ತು. ಆ ನೀಲಿಯನ್ನು ಪಿಪೆಟ್‌ನಿಂದ ತೆಗೆದು ಒಂದು ಮಿಲಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕುಲುಕಿದೆ. ಬಣ್ಣ ತಳದಿಂದ ಮೇಲಿನ ಪದರಕ್ಕೆ ಹತ್ತಿ ಬಂತು. ಅದೂ ದಾಳಿಂಬೆ ರಸದ ಕೆಂಪಾಗಿ! ಟ್ಯೂಬನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಗಾಯದಲ್ಲಿ ನಮ್ಮ ಜೀವಕೋಶಗಳಿಗೆ ಹಾನಿ ಮಾಡುವುದೂ ಇದೇ ಬಣ್ಣ.

ಶುಕ್ರವಾರ. ಡಿಎನ್‌ಎಯ ಒಂದು ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಏರುಜಿನೋಸಾ ಗುರುತಿಸುವ ಓಪಿಆರ್‌ಎಲ್ ಜೀನ್ ನೋಡಿದೆವು. ಬರಬೇಕಾದ್ದು 504 ಬೇಸ್ ಜೋಡಿ ಉದ್ದದ ತುಣುಕು. ಉದ್ದ ಅಳೆಯುವ ಲ್ಯಾಡರ್‌ನ 500ರ ಪಕ್ಕದಲ್ಲೇ ಗೆರೆ ಮೂಡಿತು. ಈಗ ಹೆಸರು ಖಚಿತ.

ಶನಿವಾರ, ಔಷಧಿ ಬಿಲ್ಲೆಗಳು. ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಿನ ಮೇಲೆ ಆಂಟಿಬಯಾಟಿಕ್ ಬಿಲ್ಲೆ ಇಟ್ಟರೆ, ಔಷಧಿ ಕೆಲಸ ಮಾಡಿದ ಕಡೆ ಖಾಲಿ ಜಾಗ ಉಳಿಯುತ್ತದೆ. ಆಂಪಿಸಿಲಿನ್ ಸುತ್ತ ಒಂಚೂರೂ ಖಾಲಿ ಜಾಗ ಇಲ್ಲ. ಈ ಜಾತಿ ಹುಟ್ಟಿನಿಂದಲೇ ಅದಕ್ಕೆ ಬಗ್ಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಸುತ್ತ 30 ಮಿಲಿಮೀಟರ್, ಮೆರೊಪೆನೆಮ್ ಸುತ್ತ 27. ಎರಡೂ ಕೆಲಸ ಮಾಡುತ್ತಿವೆ. ಆಸ್ಪತ್ರೆಗಳಲ್ಲಿ ಇವಕ್ಕೂ ಜಗ್ಗದ ತಳಿಗಳಿವೆ, ಅದಕ್ಕೇ ನಮ್ಮದನ್ನು ನೋಡಿ ಸಮಾಧಾನವಾಯಿತು.

ಇದು ಸಮಯಸಾಧಕ ಬ್ಯಾಕ್ಟೀರಿಯಾ. ಒದ್ದೆ ಇದ್ದಲ್ಲೆಲ್ಲ ಇರುತ್ತದೆ. ಇದೇ ನಲ್ಲಿಯಲ್ಲಿ ನಾವೂ ದಿನಾ ಕೈ ತೊಳೆಯುತ್ತೇವೆ, ಯಾರಿಗೂ ಏನೂ ಆಗಿಲ್ಲ. ಸುಟ್ಟ ಚರ್ಮ, ಮಾಯದ ಗಾಯ, ಕುಗ್ಗಿದ ದೇಹ ಸಿಕ್ಕಾಗಲೇ ಹೆಚ್ಚಾಗಿ ಒಳಗೆ ನುಗ್ಗುತ್ತದೆ. ಅಜ್ಜಿಯ ಗಾಯದ ಸ್ಯಾಂಪಲ್ ನನ್ನ ಹತ್ತಿರ ಇಲ್ಲ, ಹಾಗಾಗಿ ನಲ್ಲಿಯಿಂದಲೇ ಅದು ಬಂತು ಎಂದು ನಾನು ಹೇಳುವುದಿಲ್ಲ.

ನಲ್ಲಿಯ ಬಾಯಿ ಬಿಚ್ಚಿ, ಲೋಳೆ ತಿಕ್ಕಿ, ನೀರಲ್ಲಿ ಕುದಿಸಿ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಮತ್ತೆ ಸ್ವಾಬ್ ತೆಗೆದೆ. ಪ್ಲೇಟ್ ಈಗ 37 ಡಿಗ್ರಿಯಲ್ಲಿ ಇದೆ.