ಹವೆಯೊಂದೇ ಅಲ್ಲ

ಪಂಪಿನ ಶಾಫ್ಟ್ ಸವೆದಿತ್ತು ಅಂತ ಇವತ್ತು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯಕ್ಕೆ ಹೋಗಿದ್ದೆ. ಸಣ್ಣ ಶೆಡ್ಡು. ಲೋಹ ಕಡೆಯುವ ಲೇತ್ ಯಂತ್ರದ ಮೇಲಿನ ಎಚ್ಎಂಟಿ ಅಕ್ಷರ ಕೈ ತಾಗಿ ತಾಗಿ ನುಣುಪಾಗಿದೆ. ಯಜಮಾನರು ಕನ್ನಡಕ ಹಣೆಗೇರಿಸಿ, ಮೈಕ್ರೋಮೀಟರ್ ತಿರುಗಿಸಿ, "ಇನ್ನೊಂದು ಇಪ್ಪತ್ತು ಮೈಕ್ರಾನ್ ತೆಗೀಬೇಕು" ಅಂದರು. ತಲೆಗೂದಲಿಗಿಂತ ತೆಳು! ಈ ಕೈ ಎಲ್ಲಿ ಪಳಗಿತು ಅಂತ ಕೇಳಿದೆ. ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದರಂತೆ.

ಬೆಂಗಳೂರಿಗೆ ಐಟಿ ಬಂದದ್ದು ಹವೆ ನೋಡಿ ಅನ್ನುವವರೇ ಜಾಸ್ತಿ. ಹವೆ ಮೈಸೂರಲ್ಲೂ ಚೆನ್ನಾಗೇ ಇದೆ, ಅಲ್ವಾ?

ಬೇರು ಇನ್ನೂ ಹಿಂದಿದೆ. ಶಿವನಸಮುದ್ರದ ಕರೆಂಟು 1905ರಲ್ಲೇ ಇಲ್ಲಿಗೆ ಬಂತು. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಈಗಿನ ಭಾರತೀಯ ವಿಜ್ಞಾನ ಸಂಸ್ಥೆ ಅದೇ. ಜಾಗ ಕೊಟ್ಟದ್ದು ಮೈಸೂರು ಅರಸರು. 1940ರಲ್ಲಿ ವಿಮಾನ ಕಾರ್ಖಾನೆ (ಈಗಿನ ಎಚ್ಎಎಲ್) ಶುರುವಾಯಿತು, ಎರಡೇ ವರ್ಷಕ್ಕೆ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿಭಾಗವೂ ಬಂತು. ಕಾರ್ಖಾನೆಗೆ ಬೇಕಾದ್ದನ್ನು ಕಾಲೇಜು ಕಲಿಸಿತು, ನೋಡಿ. ಆಮೇಲೆ ಸರ್ಕಾರಿ ಕಾರ್ಖಾನೆಗಳು: ಟೆಲಿಫೋನಿನ ಐಟಿಐ, ಯಂತ್ರಗಳ ಎಚ್ಎಂಟಿ, ಎಲೆಕ್ಟ್ರಾನಿಕ್ಸಿನ ಬಿಇಎಲ್. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಊರಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲವರು ಆಗಲೇ ಬೇಕಾದಷ್ಟು ಇದ್ದರು.

ಕಾರ್ಖಾನೆಯಲ್ಲಿ ಕಲಿತವರು ಹೊರಬಂದು ಶೆಡ್ ಹಾಕುತ್ತಾರೆ. ಆ ಶೆಡ್ಡಿನ ಹುಡುಗ ಪಕ್ಕದ ಬೀದಿಯಲ್ಲಿ ಇನ್ನೊಂದು. ಹೊಸ ಊರಲ್ಲಿ ಸುಮ್ನೆ ಟೆಕ್ ಪಾರ್ಕ್ ಕಟ್ಟಿ ರಿಬ್ಬನ್ ಕತ್ತರಿಸುವವರು ಮೊದಲು ಒಂದು ಒಳ್ಳೆಯ ಅಪ್ರೆಂಟಿಸ್ ಶಾಲೆ ತೆರೆಯಲಿ ಅನ್ನಿಸುತ್ತದೆ. ಅದಕ್ಕೆ ಫೋಟೊ ಚೆನ್ನಾಗಿ ಬರಲ್ಲ, ಅಷ್ಟೇ.